ಪಟದ ಮನೆಯಿಂದ ಬಾಳಿನ ಮನೆಗೆ

ನಮ್ಮ ಕಡೆಯ ಆಟಗಳ ಮಾತಿನಲ್ಲಿ ‘ಮನೆ’ ಎಂಬುದಕ್ಕೆ ಒಂದು ವಿಶೇಷವಾದ ಅರ್ಥವುಂಟು. ಪಗಡೆಯ ಹಾಸಿನಲ್ಲಾಗಲಿ, ಚೌಕಾಬಾರದ ಗೆರೆಗಳಲ್ಲಾಗಲಿ, ಕಾಯಿ ನಿಲ್ಲುವ ಒಂದೊಂದು ಚೌಕವೂ ಒಂದೊಂದು ಮನೆ. ‘ನಾಲ್ಕು ಮನೆ ನಡೆಸು’, ‘ಇನ್ನೆರಡು ಮನೆ ದಾಟಿದರೆ ಕಾಯಿ ಹಣ್ಣು’ ಎಂದು ಕೂಗಾಡುತ್ತಲೇ ನಾವೆಲ್ಲ ಬೆಳೆದವರು. ವಿಚಿತ್ರವೆಂದರೆ ಈ ಮನೆಗಳಲ್ಲಿ ಯಾರೂ ವಾಸವಾಗಿರುವುದಿಲ್ಲ. ಅಲ್ಲಿ ಒಲೆ ಉರಿಯುವುದಿಲ್ಲ, ಯಾರೂ ಕಸ ಗುಡಿಸುವುದಿಲ್ಲ, ರಾತ್ರಿ ಬಾಗಿಲು ಹಾಕಿಕೊಂಡು ಮಲಗುವವರಿಲ್ಲ. ದಾಟಿಕೊಂಡು ಹೋಗುವುದಕ್ಕಾಗಿಯೇ ಇರುವ ಮನೆಗಳು ಅವು. ಉಣ್ಣುವ, ಉಡುವ, ಮಲಗಿ ಏಳುವ ನಿಜವಾದ ಮನೆ ಆಟದ ಪಟವನ್ನು ಹೊಕ್ಕದ್ದು ತೀರ ಈಚಿನ ಮಾತು. ಅದು ಹೊಕ್ಕ ಬಗೆ ಹೇಗೆ, ಹೊಗಿಸಿದವರು ಯಾರು ಎಂಬುದನ್ನು ಇಲ್ಲಿ ಕೊಂಚ ವಿವರಿಸಬೇಕೆಂದಿದ್ದೇನೆ.

ಈ ಚರಿತ್ರೆಯಲ್ಲಿ ನನಗೆ ಆಸಕ್ತಿ ಹುಟ್ಟಿದ್ದು ಅರವತ್ತು ತುಂಬಿದ ಮೇಲೆ. ೨೦೨೨ರಲ್ಲಿ ನಾನು ಕೆಲಸದಿಂದ ನಿವೃತ್ತನಾದೆ. ಅದೇ ವರ್ಷದ ಅಕ್ಟೋಬರಿನಲ್ಲಿ ‘ದಿ ಸಿಮ್ಸ್’ ಎಂಬ ಕಂಪ್ಯೂಟರ್ ಆಟದ ನಾಲ್ಕನೆಯ ಆವೃತ್ತಿಯ ಮೂಲಭಾಗವನ್ನು ಅದರ ಒಡೆಯರು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟರು. ನನ್ನ ತಮ್ಮನ ಮಗಳು ಅದನ್ನು ನನ್ನ ಕಂಪ್ಯೂಟರಿಗೆ ಇಳಿಸಿಕೊಟ್ಟಳು. ಅಂದಿನಿಂದ ಸಂಜೆ ಒಂದೆರಡು ಗಂಟೆ ಆ ಆಟ ನನ್ನ ದಿನಚರಿಗೆ ಸೇರಿಹೋಗಿದೆ. ಇದನ್ನು ಕೇಳಿದ ಗೆಳೆಯರು ಮೊದಲು ಕೇಳುವ ಪ್ರಶ್ನೆ, ‘ಅದರಲ್ಲಿ ಗೆಲ್ಲುವುದು ಹೇಗೆ?’ ಎಂಬುದು. ಗೆಲ್ಲುವುದೇ ಇಲ್ಲ ಎಂದರೆ ಅವರ ಮುಖದಲ್ಲಿ ಕರುಣೆ ಮೂಡುತ್ತದೆ. ಒಂದು ಕುಟುಂಬವನ್ನು ಕಲ್ಪಿಸಿ, ಮನೆ ಕಟ್ಟಿ, ಅವರನ್ನು ಅದರಲ್ಲಿರಿಸಿ, ಹೊತ್ತುಹೊತ್ತಿಗೆ ಊಟ, ಸ್ನಾನ, ಕೆಲಸ, ನಿದ್ದೆ ನೋಡಿಕೊಳ್ಳುವುದು, ಇಷ್ಟೇ ಆಟ. ಇಂಥವನ್ನು ಇಂಗ್ಲಿಷಿನಲ್ಲಿ ಲೈಫ್ ಸಿಮ್ಯುಲೇಷನ್ ಎಂದು ಕರೆಯುತ್ತಾರೆ, ನಾವು ಬಾಳಾಟವೆನ್ನಬಹುದು.

ಬೆಳೆದವರು ಆಟವಾಡುವುದು ನಮ್ಮಲ್ಲಿ ಹೊಸದೇನೂ ಅಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹಲವು ಹಲಗೆಯಾಟಗಳನ್ನು ಸ್ವತಃ ಕಲ್ಪಿಸಿದವರು. ಅದರಿಂದ ಅವರ ಘನತೆಗೆ ಕುಂದೇನೂ ಬರಲಿಲ್ಲ. ಆದರೆ ಚದುರಂಗಕ್ಕೆ ಸಲ್ಲುವ ಮರ್ಯಾದೆ ಮನೆಮನೆಯಾಟಕ್ಕೆ ಸಲ್ಲುವುದಿಲ್ಲ. ಅದು ಹುಡುಗಿಯರ ಆಟ, ಹತ್ತು ವರ್ಷ ದಾಟಿದ ಮೇಲೆ ಬಿಡತಕ್ಕದ್ದು ಎಂಬ ಭಾವನೆ ಎಲ್ಲ ದೇಶಗಳಲ್ಲಿಯೂ ಉಂಟು. ಚರಿತ್ರೆ ಮಾತ್ರ ಬೇರೆಯ ಮಾತನ್ನು ಹೇಳುತ್ತದೆ. ಆಮ್‌ಸ್ಟರ್‌ಡಾಮಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿ ಪೆಟ್ರೊನೆಲಾ ಊರ್ಟ್‌ಮನ್ ಎಂಬ ಶ್ರೀಮಂತ ಗೃಹಿಣಿಯ ಬೊಂಬೆಮನೆಯೊಂದಿದೆ. ೧೬೮೬ರಿಂದ ೧೭೧೦ರವರೆಗೆ, ಸುಮಾರು ಕಾಲು ಶತಮಾನ ಕಾಲ ಅವಳು ಅದನ್ನು ತುಂಬುತ್ತ ಹೋದಳು. ಅಳತೆಗೆ ತಕ್ಕಂತೆ ಮಾಡಿಸಿದ ಪುಟ್ಟ ಪಿಂಗಾಣಿ, ಅಡಿಗೆಮನೆ, ಬಾಣಂತಿಯ ಕೋಣೆ, ಬಟ್ಟೆ ಒಣಗಿಸಿ ಮಡಿಸುವ ಕೋಣೆ, ಉರುವಲು ತುಂಬುವ ಅಟ್ಟ, ಎಲ್ಲವೂ ಅದರಲ್ಲಿವೆ. ಅದಕ್ಕೆ ಹಿಡಿದ ಹಣದಲ್ಲಿ ಆ ಊರಿನ ಕಾಲುವೆಯ ದಂಡೆಯ ಮೇಲೆ ನಿಜವಾದ ಮನೆಯನ್ನೇ ಕೊಳ್ಳಬಹುದಾಗಿತ್ತಂತೆ. ಅದು ಮಕ್ಕಳ ಕೈಗೆ ಕೊಡುವ ವಸ್ತುವಾಗಿರಲಿಲ್ಲ. ನಮ್ಮಲ್ಲಿಯೂ ನವರಾತ್ರಿಯ ಬೊಂಬೆಗಳನ್ನು ಪೆಟ್ಟಿಗೆಯಿಂದ ತೆಗೆದು ಒರೆಸಿ, ಸಂತೆ, ಮದುವೆ, ಹೊಲಗದ್ದೆ ಎಂದು ಹಂತಹಂತವಾಗಿ ಜೋಡಿಸುವವರು ಮನೆಯ ಹಿರಿಯ ಹೆಂಗಸರೇ; ಮಕ್ಕಳು ದೂರ ನಿಂತು ನೋಡುವವರು.

ಆದರೂ ಇದನ್ನು ಯಾರೂ ಆಟವೆಂದು ಗಣಿಸಲಿಲ್ಲ. ಆಟವೆಂದರೆ ಕೊನೆಯೊಂದಿರಬೇಕು, ಸೋಲು ಗೆಲುವುಗಳಿರಬೇಕು. ಬಾಳನ್ನು ಪಟದ ಮೇಲೆ ತಂದವರು ಕೂಡ ಹೀಗೆಯೇ ತಂದರು. ವೈಕುಂಠ ಏಕಾದಶಿಯ ಜಾಗರಣೆಯಲ್ಲಿ ಆಡುವ ಪರಮಪದ ಸೋಪಾನದಲ್ಲಿ ಪುಣ್ಯಕ್ಕೆ ಏಣಿ, ಪಾಪಕ್ಕೆ ಹಾವು; ಕೊನೆಯ ಮನೆ ವೈಕುಂಠ. ದಾರಿಯಲ್ಲಿ ದಾನವಿದೆ, ಭಕ್ತಿಯಿದೆ, ಕಾಮಕ್ರೋಧಗಳಿವೆ. ಆದರೆ ಪಾತ್ರೆ ತೊಳೆಯುವುದಕ್ಕೆ ಒಂದು ಮನೆಯಿಲ್ಲ.

ಅಮೆರಿಕದಲ್ಲಿ ಇದಕ್ಕೆ ಸಮನಾದ ಪಟವೊಂದು ಹುಟ್ಟಿದ್ದು ೧೮೬೦ರಲ್ಲಿ. ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡಿನಲ್ಲಿ ಮಿಲ್ಟನ್ ಬ್ರಾಡ್ಲಿ ಎಂಬಾತ ಕಲ್ಲಚ್ಚಿನ ಮುದ್ರಣಾಲಯ ನಡೆಸುತ್ತಿದ್ದ. ಅಧ್ಯಕ್ಷ ಪದವಿಗೆ ನಿಂತಿದ್ದ ಲಿಂಕನ್ನನ ಚಿತ್ರವನ್ನು ಅವನು ಹೇರಳವಾಗಿ ಅಚ್ಚುಹಾಕಿದ. ಚಿತ್ರದಲ್ಲಿ ಲಿಂಕನ್ನನಿಗೆ ಗಡ್ಡವಿರಲಿಲ್ಲ. ಅಷ್ಟರಲ್ಲಿ ಲಿಂಕನ್ ಗಡ್ಡ ಬಿಟ್ಟುಬಿಟ್ಟ. ಚಿತ್ರಗಳು ಕೇಳುವವರಿಲ್ಲದೆ ಬಿದ್ದವು. ವ್ಯಾಪಾರ ಮುಳುಗುವ ಹೊತ್ತಿಗೆ ಬ್ರಾಡ್ಲಿಯ ಕೈಹಿಡಿದದ್ದು ಅವನೇ ಕಲ್ಪಿಸಿದ ‘ಬಾಳಿನ ಚೌಕಳಿ ಆಟ’. ಚದುರಂಗದಂತೆ ಅರುವತ್ತನಾಲ್ಕು ಮನೆಗಳು. ಶೈಶವದಿಂದ ಹೊರಟು ಸುಖದ ಮುಪ್ಪನ್ನು ಮುಟ್ಟಬೇಕು. ಮುಟ್ಟಿದವನಿಗೆ ಐವತ್ತು ಅಂಕ, ಮೊದಲು ನೂರು ಕೂಡಿಸಿದವನು ಗೆದ್ದ. ಜೂಜಿನ ಮನೆಗೆ ಬಿದ್ದವನು ನಾಶದ ಮನೆಗೆ ಹೋಗಬೇಕು. ದಾಳ ಜೂಜುಕೋರರ ವಸ್ತುವೆಂದು ಬ್ರಾಡ್ಲಿ ಅದರ ಬದಲು ಆರು ಮುಖದ ಬುಗುರಿಯನ್ನಿಟ್ಟ. ಮೊದಲ ವರ್ಷದಲ್ಲಿಯೇ ನಲವತ್ತು ಸಾವಿರಕ್ಕೂ ಮಿಕ್ಕಿ ಪ್ರತಿಗಳು ಖರ್ಚಾದವು.

ನೂರು ವರ್ಷ ಕಳೆದು ೧೯೬೦ರಲ್ಲಿ ಅದೇ ಸಂಸ್ಥೆಗಾಗಿ ರೂಬೆನ್ ಕ್ಲೇಮರ್ ಎಂಬಾತ ಅದಕ್ಕೆ ಹೊಸ ರೂಪ ಕೊಟ್ಟ. ಈಗ ಕಾಯಿಗಳ ಬದಲು ಪುಟ್ಟ ಕಾರುಗಳು. ಮದುವೆಯಾದರೆ ಕಾರಿನಲ್ಲಿ ಒಂದು ಕಡ್ಡಿಬೊಂಬೆ ಹೆಚ್ಚಾಗಿ ಕೂರುತ್ತದೆ, ಮಕ್ಕಳಾದರೆ ಇನ್ನಷ್ಟು. ಗೆದ್ದವನು ಕೋಟ್ಯಧೀಶರ ಬಡಾವಣೆಗೆ ಹೋಗುತ್ತಾನೆ, ಸೋತವನು ದಿಕ್ಕಿಲ್ಲದವರ ಆಶ್ರಮಕ್ಕೆ. ಒಂದು ಪಟದಲ್ಲಿ ಪುಣ್ಯ, ಒಂದರಲ್ಲಿ ಸದ್ಗುಣ, ಒಂದರಲ್ಲಿ ದುಡ್ಡು. ಅಳೆಯುವ ಕೋಲು ಬದಲಾಯಿತೇ ಹೊರತು ಅಳೆಯುವ ಚಟ ಬದಲಾಗಲಿಲ್ಲ. ಮೂರರಲ್ಲಿಯೂ ಬಾಳೆಂದರೆ ದಾಟಿಹೋಗುವ ದಾರಿ.

ಕಂಪ್ಯೂಟರ್ ಬಂದ ಮೇಲೆ ಗೆಲುವಿಲ್ಲದ ಆಟದ ಕಲ್ಪನೆ ನಿಧಾನವಾಗಿ ತಲೆಯೆತ್ತಿತು. ಕೇಂಬ್ರಿಜ್ಜಿನ ಗಣಿತಜ್ಞ ಜಾನ್ ಕಾನ್ವೇ ಚೌಕಗಳು ಹುಟ್ಟಿ ಸಾಯುವ ಒಂದು ಲೆಕ್ಕದ ಲೀಲೆಯನ್ನು ರಚಿಸಿದ. ೧೯೭೦ರ ಅಕ್ಟೋಬರಿನಲ್ಲಿ ಮಾರ್ಟಿನ್ ಗಾರ್ಡ್ನರ್ ಅದನ್ನು ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಪರಿಚಯಿಸಿದ. ಅದಕ್ಕೂ ‘ಬಾಳಿನ ಆಟ’ವೆಂದೇ ಹೆಸರು. ಆದರೆ ಅದರಲ್ಲಿ ಆಡುವವನಿಗೆ ಕೆಲಸವೇ ಇಲ್ಲ; ಆರಂಭ ಮಾಡಿಕೊಟ್ಟು ನೋಡುತ್ತ ಕೂರಬೇಕು. ೧೯೮೫ರಲ್ಲಿ ‘ಲಿಟಲ್ ಕಂಪ್ಯೂಟರ್ ಪೀಪಲ್’ ಎಂಬ ಆಟ ಹೊರಬಂತು. ಪರದೆಯ ಮೇಲೆ ಸೀಳಿ ತೆರೆದಂತಿರುವ ಒಂದು ಮನೆ, ಅದರೊಳಗೆ ಒಬ್ಬ ಮನುಷ್ಯ ಮತ್ತು ಅವನ ನಾಯಿ. ಕೊನೆಗೂ ಪಟದ ಮನೆಯಲ್ಲಿ ಒಬ್ಬ ವಾಸಕ್ಕೆ ಬಂದ!

ಆದರೆ ಬಾಳಾಟವನ್ನು ಲೋಕಕ್ಕೆಲ್ಲ ಹರಡಿದವನು ವಿಲ್ ರೈಟ್. ೧೯೮೪ರಲ್ಲಿ ಅವನು ಹೆಲಿಕಾಪ್ಟರಿನಿಂದ ದ್ವೀಪಗಳ ಮೇಲೆ ಬಾಂಬು ಹಾಕುವ ಆಟವೊಂದನ್ನು ಮಾಡಿದ್ದ. ಮಾಡುವಾಗ ಅವನಿಗೆ ಒಂದು ಸಂಗತಿ ಹೊಳೆಯಿತು: ದ್ವೀಪಗಳನ್ನು ಸುಡುವುದಕ್ಕಿಂತ ಅವುಗಳ ಮೇಲೆ ರಸ್ತೆ, ಕಾರ್ಖಾನೆ ಎಳೆದು ಕೂರಿಸುವುದೇ ಹೆಚ್ಚು ರುಚಿಕರ. ಆ ರುಚಿಯಿಂದ ಹುಟ್ಟಿದ್ದು ಊರು ಕಟ್ಟುವ ‘ಸಿಮ್‌ಸಿಟಿ’. ಸೋಲು ಗೆಲುವಿಲ್ಲದ ಆಟವನ್ನು ಪ್ರಕಟಿಸಲು ಹಿಂದೆಮುಂದೆ ನೋಡಿದವರಿದ್ದರು. ಅವನು ಜೆಫ್ ಬ್ರಾನ್ ಎಂಬ ಗೆಳೆಯನೊಡನೆ ೧೯೮೭ರಲ್ಲಿ ಮ್ಯಾಕ್ಸಿಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದ. ೧೯೮೯ರಲ್ಲಿ ಆಟ ಹೊರಬಂದು ಹೆಸರು ಮಾಡಿತು.

ಊರಿನಿಂದ ಮನೆಗೆ ಅವನನ್ನು ತಂದದ್ದು ಬೆಂಕಿ. ೧೯೯೧ರ ಅಕ್ಟೋಬರ್ ೨೦, ಭಾನುವಾರ, ಕ್ಯಾಲಿಫೋರ್ನಿಯದ ಓಕ್‌ಲೆಂಡ್ ಮತ್ತು ಬರ್ಕ್ಲಿ ಊರುಗಳ ಗುಡ್ಡಗಳಲ್ಲಿ ಒಣ ಗಾಳಿಗೆ ಸಿಕ್ಕ ಕಿಚ್ಚು ಹರಡಿ ಇಪ್ಪತ್ತೈದು ಜನ ಸತ್ತರು. ಮೂರು ಸಾವಿರದಷ್ಟು ಮನೆಗಳು ಬೂದಿಯಾದವು. ಅವುಗಳಲ್ಲಿ ರೈಟ್‌ನದೂ ಒಂದು. ಎಲ್ಲವನ್ನೂ ಮೊದಲಿನಿಂದ ಕೂಡಿಸಿಕೊಳ್ಳಬೇಕಾದ ಮನುಷ್ಯ, ತನಗೆ ನಿಜವಾಗಿ ಬೇಕಾದದ್ದು ಯಾವುದು, ಯಾವ ವಸ್ತು ಯಾವ ಅಗತ್ಯವನ್ನು ತೀರಿಸುತ್ತದೆ ಎಂದು ಲೆಕ್ಕ ಹಾಕತೊಡಗಿದ. ಕ್ರಿಸ್ಟಫರ್ ಅಲೆಗ್ಸಾಂಡರ್ ಎಂಬ ವಾಸ್ತುಶಿಲ್ಪಿ ೧೯೭೭ರಲ್ಲಿ ಸಂಗಡಿಗರೊಡನೆ ಬರೆದಿದ್ದ ‘ಎ ಪ್ಯಾಟರ್ನ್ ಲ್ಯಾಂಗ್ವೇಜ್’ ಎಂಬ ಗ್ರಂಥ ಅವನಿಗೆ ಪ್ರಿಯವಾಗಿತ್ತು. ಕಟ್ಟಡದ ಅಂದವನ್ನು ಅದರಲ್ಲಿರುವವರ ನಡೆನುಡಿಯಿಂದ ಅಳೆಯಬೇಕೆಂಬುದು ಆ ಗ್ರಂಥದ ಧೋರಣೆ. ಹಾಗಾದರೆ ಮನೆಯ ಚೆಲುವನ್ನು ಅಳೆಯಲು ಅದರೊಳಗೆ ಮನುಷ್ಯರನ್ನು ಬಿಡಬೇಕು. ಆಟಕ್ಕೆ ಅವನಿಟ್ಟ ಮೊದಲ ಹೆಸರು ‘ಬೊಂಬೆಮನೆ’. ಸಂಸ್ಥೆಯ ದೊಡ್ಡವರಿಗೆ ಅದು ರುಚಿಸಲಿಲ್ಲ. ಬೊಂಬೆಯಾಟವನ್ನು ಯಾರು ಕೊಳ್ಳುತ್ತಾರೆ ಎಂಬುದು ಅವರ ಅಳುಕು. ೧೯೯೭ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಎಂಬ ದೊಡ್ಡ ಕಂಪನಿ ಮ್ಯಾಕ್ಸಿಸನ್ನು ಕೊಂಡಿತು. ೨೦೦೦ದ ಫೆಬ್ರವರಿಯಲ್ಲಿ ‘ದಿ ಸಿಮ್ಸ್’ ಹೊರಬಂದು, ಎರಡು ವರ್ಷಗಳಲ್ಲಿ ಅಲ್ಲಿಯವರೆಗಿನ ಎಲ್ಲ ಕಂಪ್ಯೂಟರ್ ಆಟಗಳ ಮಾರಾಟವನ್ನೂ ಹಿಂದೆ ಹಾಕಿತು. ಆಡಿದವರಲ್ಲಿ ಹೆಂಗಸರ ಸಂಖ್ಯೆ ಬಹಳ ದೊಡ್ಡದಾಗಿತ್ತು.

ಈ ಆಟದ ಒಳಗಿನ ಯಂತ್ರರಚನೆ ಕುತೂಹಲಕರವಾದದ್ದು. ಮೊದಲ ಆಟದ ಮನುಷ್ಯನಿಗೆ ಎಂಟು ಅಗತ್ಯಗಳು: ಹಸಿವು, ಮೈಸುಖ, ಶುಚಿ, ಶೌಚ, ಚೈತನ್ಯ, ವಿನೋದ, ಜನರ ಸಂಗ, ಕೋಣೆಯ ಅಂದ. ಒಂದೊಂದಕ್ಕೂ ಒಂದು ಅಳತೆಪಟ್ಟಿ. ಆ ಪಟ್ಟಿ ಸದಾ ಇಳಿಯುತ್ತಲೇ ಇರುತ್ತದೆ. ಬುದ್ಧಿ ಮನುಷ್ಯರಲ್ಲಿರುವುದಕ್ಕಿಂತ ಹೆಚ್ಚಾಗಿ ವಸ್ತುಗಳಲ್ಲಿದೆ. ಸಂತೆಯಲ್ಲಿ ಅಂಗಡಿಯವರು ಕೂಗುವಂತೆ ಮಂಚ ‘ಇಲ್ಲಿ ನಿದ್ದೆಯಿದೆ’ ಎನ್ನುತ್ತದೆ, ಫ್ರಿಜ್ಜು ‘ಇಲ್ಲಿ ಊಟವಿದೆ’ ಎನ್ನುತ್ತದೆ; ಯಾರಿಗೆ ಯಾವುದರ ಕೊರತೆ ಹೆಚ್ಚೋ ಅವರು ಆ ಕೂಗಿಗೆ ಓಗೊಡುತ್ತಾರೆ. ಅವರಾಡುವ ಭಾಷೆ ಯಾವ ದೇಶದ್ದೂ ಅಲ್ಲ, ನಟರು ಬಾಯಿಗೆ ಬಂದಂತೆ ಕಟ್ಟಿದ್ದು. ಆದ್ದರಿಂದ ಕನ್ನಡಿಗನಿಗೂ ಅಮೆರಿಕನ್ನನಿಗೂ ಅದು ಸಮನಾಗಿ ಅರ್ಥವಾಗುವುದಿಲ್ಲ, ಸಮನಾಗಿ ಅರ್ಥವಾಗುತ್ತದೆ!

ಉಂಡ ತಟ್ಟೆಯನ್ನು ತೊಳೆಯದೆ ಬಿಟ್ಟರೆ ನೊಣ ಮುತ್ತುತ್ತದೆ. ನಲ್ಲಿ ಸೋರುತ್ತದೆ. ಅಡಿಗೆ ಬಾರದವನು ಒಲೆ ಹಚ್ಚಿದರೆ ಬೆಂಕಿ ಹತ್ತುತ್ತದೆ. ಮನೆ ಸುಟ್ಟುಕೊಂಡವನು ಮಾಡಿದ ಆಟದಲ್ಲಿ ಬೆಂಕಿ ಇಲ್ಲದಿರಲು ಸಾಧ್ಯವೇ? ಇಂದು ತುಂಬಿದ ಹೊಟ್ಟೆ ನಾಳೆ ಮತ್ತೆ ಬರಿದು. ಇಂದು ತೊಳೆದ ನೆಲ ನಾಳೆ ಮತ್ತೆ ಕೊಳೆ. ಯಾವ ಗೆಲುವೂ ಮರುದಿನದ ಬೆಳಗಿನವರೆಗೆ ಉಳಿಯುವುದಿಲ್ಲ. ಇದಕ್ಕೆ ನಮ್ಮ ಹಿರಿಯರು ಮನೆವಾರ್ತೆ ಎಂದು ಹೆಸರಿಟ್ಟಿದ್ದರು. ನಮ್ಮ ತಾಯಿ ಐವತ್ತು ವರ್ಷ ಬಿಡುವಿಲ್ಲದೆ ಮಾಡಿದ ಕೆಲಸಕ್ಕೆ ಪರಮಪದದ ಪಟದಲ್ಲಿ ಏಣಿಯಿರಲಿಲ್ಲ, ಬ್ರಾಡ್ಲಿಯ ಪಟದಲ್ಲಿ ಅಂಕವಿರಲಿಲ್ಲ. ಆಟಗಳ ಇತಿಹಾಸದಲ್ಲಿ ಅದನ್ನೇ ಆಟದ ಮುಖ್ಯ ವಸ್ತುವಾಗಿ ಮಾಡಿದ್ದು ಈ ಬಾಳಾಟಗಳ ಹೆಗ್ಗಳಿಕೆ.

ಪೂರ್ವದಲ್ಲಿಯೂ ಇದೇ ಕಾಲಕ್ಕೆ ಇದೇ ಹಂಬಲ ಕಾಣಿಸಿಕೊಂಡಿತು. ಜಪಾನಿನ ಯಸುಹಿರೊ ವಾಡ ಕ್ಯೂಶೂ ದ್ವೀಪದ ಮಿಯಝಾಕಿ ಸೀಮೆಯ ಹಳ್ಳಿಗಾಡಿನಲ್ಲಿ ಬೆಳೆದು ಟೋಕಿಯೋ ಸೇರಿದವನು. ನಗರಕ್ಕೆ ಬಂದ ಮೇಲೆ ಬಿಟ್ಟುಬಂದ ಸೀಮೆಯ ಬೆಲೆ ಅವನಿಗೆ ತಿಳಿಯಿತು. ಹೊಡೆದಾಟವೇ ಇಲ್ಲದ, ಅಜ್ಜನ ಪಾಳುಬಿದ್ದ ಹೊಲವನ್ನು ಮತ್ತೆ ಹದಗೊಳಿಸುವ ಒಂದು ಆಟವನ್ನು ಅವನು ೧೯೯೬ರಲ್ಲಿ ತಂದ. ಇಂಗ್ಲಿಷಿನಲ್ಲಿ ಅದು ‘ಹಾರ್ವೆಸ್ಟ್ ಮೂನ್’. ಕಟ್ಸುಯ ಎಗುಚಿ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಚಿಬಾದಲ್ಲಿದ್ದ ಮನೆಯವರನ್ನೂ ಗೆಳೆಯರನ್ನೂ ಬಿಟ್ಟು ನಿಂಟೆಂಡೊ ಕಂಪನಿಯ ಕೆಲಸಕ್ಕಾಗಿ ಕ್ಯೋಟೊಗೆ ಬಂದವನು. ಗುರುತಿಲ್ಲದ ಊರಿನಲ್ಲಿ ನೆರೆಹೊರೆ ಇಲ್ಲದ ಕೊರತೆಯನ್ನು ಅವನು ಮರೆಯಲಿಲ್ಲ. ಅವನ ಕೈಯಿಂದ ೨೦೦೧ರಲ್ಲಿ ಬಂದ ‘ಪ್ರಾಣಿಗಳ ಕಾಡು’, ಹೊರದೇಶಗಳಲ್ಲಿ ‘ಆನಿಮಲ್ ಕ್ರಾಸಿಂಗ್’, ಒಬ್ಬ ಹೊಸಬ ಒಂದು ಹಳ್ಳಿಗೆ ಬಂದು ನೆರೆಯವರನ್ನು ಸಂಪಾದಿಸುವ ಕಥೆ. ಅಲ್ಲಿ ಹೊತ್ತು ನಮ್ಮ ಗಡಿಯಾರದಂತೆಯೇ ನಡೆಯುತ್ತದೆ. ನಮಗೆ ರಾತ್ರಿಯಾದರೆ ಅಲ್ಲಿಯೂ ರಾತ್ರಿ. ಮನೆಗೆ ಸಾಲ ಮಾಡಬೇಕು, ಆದರೆ ಆ ಸಾಲಕ್ಕೆ ಬಡ್ಡಿಯಿಲ್ಲ, ವಾಯಿದೆಯಿಲ್ಲ. ಮನೆಸಾಲದ ಕಂತು ಕಟ್ಟಿ ಸುಸ್ತಾದವರಿಗೆ ಇದೇ ಅದರ ದೊಡ್ಡ ರಮ್ಯ ಕಲ್ಪನೆಯಾಗಿ ಕಂಡರೆ ಆಶ್ಚರ್ಯವಿಲ್ಲ. ಅದರ ಹೊಸ ಆವೃತ್ತಿ ೨೦೨೦ರ ಮಾರ್ಚ್ ೨೦ರಂದು, ಕೊರೊನಾ ಪಿಡುಗಿಗೆ ಹೆದರಿ ಲೋಕವೇ ಬಾಗಿಲಿಕ್ಕಿಕೊಳ್ಳುತ್ತಿದ್ದ ದಿನಗಳಲ್ಲಿ ಬಂತು. ಆರು ವಾರಗಳಲ್ಲಿ ಒಂದು ಕೋಟಿ ಮೂವತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಿಹೋದವು. ಹೊರಗೆ ಮುಖ ನೋಡಲಾಗದವರು ಆಟದ ಹಳ್ಳಿಯಲ್ಲಿ ಒಬ್ಬರ ಮನೆಗೊಬ್ಬರು ಹೋಗಿಬಂದರು.

ಇನ್ನೊಂದು ಹೆಸರನ್ನು ಹೇಳದಿದ್ದರೆ ಈ ಕಥೆ ಅಪೂರ್ಣ. ಎರಿಕ್ ಬರೋನ್ ೨೦೧೧ರಲ್ಲಿ ಕಂಪ್ಯೂಟರ್ ಪದವಿ ಪಡೆದು ಕೆಲಸ ಸಿಕ್ಕದೆ ಕುಳಿತವನು. ಸಿಯಾಟಲ್ಲಿನ ಒಂದು ನಾಟಕಮಂದಿರದಲ್ಲಿ ಪ್ರೇಕ್ಷಕರಿಗೆ ಕುರ್ಚಿ ತೋರಿಸುವ ಕೆಲಸ ಮಾಡುತ್ತ, ತಾನು ಎಳವೆಯಲ್ಲಿ ಮೆಚ್ಚಿದ್ದ ಹೊಲದಾಟದ ದಾರಿಯಲ್ಲಿ ಒಂದು ಆಟವನ್ನು ನಾಲ್ಕೂವರೆ ವರ್ಷ ಒಬ್ಬನೇ ಕೂತು ಕಟ್ಟಿದ. ಚಿತ್ರ, ಸಂಗೀತ, ಮಾತು ಎಲ್ಲವೂ ಅವನದೇ. ೨೦೧೬ರಲ್ಲಿ ಬಂದ ಆ ‘ಸ್ಟಾರ್‌ಡ್ಯೂ ವ್ಯಾಲಿ’ ಕೋಟಿಗಟ್ಟಲೆ ಜನರನ್ನು ಮುಟ್ಟಿತು. ಕಚೇರಿಯ ಮೇಜಿಗೆ ಅಂಟಿಕೊಂಡವನೊಬ್ಬ ಅಜ್ಜನ ಕಾಗದವನ್ನು ಒಡೆದು ಹಳ್ಳಿಗೆ ಹೊರಡುವುದು ಅದರ ಆರಂಭ.

ಈ ನಾಲ್ವರನ್ನು ಸಾಲಾಗಿ ನಿಲ್ಲಿಸಿ ನೋಡಿದರೆ ಒಂದು ಸಮಾನ ಅಂಶ ಕಣ್ಣಿಗೆ ಬೀಳುತ್ತದೆ. ಮನೆ ಸುಟ್ಟವನು ಒಬ್ಬ, ಹಳ್ಳಿ ಬಿಟ್ಟವನು ಒಬ್ಬ, ನೆಂಟರಿಷ್ಟರಿಂದ ದೂರವಾದವನು ಒಬ್ಬ, ಕೆಲಸವಿಲ್ಲದವನು ಒಬ್ಬ. ಇವರು ಕಟ್ಟಿದ್ದು ಮಕ್ಕಳಿಗೆಂದು ಕಲ್ಪಿಸಿ ಕೊಟ್ಟ ಬೊಂಬೆಗಳನ್ನಲ್ಲ, ತಮಗೆ ಇಲ್ಲವಾದದ್ದನ್ನು. ಇಲ್ಲವಾದದ್ದು ಯಾವುದು ಎಂದು ನೋಡಿದರೆ ಸಿಂಹಾಸನವಲ್ಲ, ಕೀರ್ತಿಯಲ್ಲ. ದಿನಬೆಳಗಾದರೆ ಇದ್ದೇ ಇರುತ್ತದೆಂದು ತಿಳಿದಿದ್ದ ಒಲೆ, ಹೊಲ, ನೆರೆಮನೆ, ಇವಿಷ್ಟೆ. ಇಂಥ ವಸ್ತುವಿನ ಸವಿ ಮಗುವಿಗೆ ಅಷ್ಟಾಗಿ ಹತ್ತದೆ ಬೆಳೆದವನಿಗೆ ಹತ್ತಿದರೆ ಅದರಲ್ಲಿ ನಾಚಿಕೆಯ ಮಾತೇನಿದೆ? ಕಳೆದುಕೊಂಡು ನೋಡಿದವನಿಗಲ್ಲವೆ ಅದರ ಬೆಲೆ?

ನನ್ನ ಮಟ್ಟಿಗೆ ಇದು ಬರಿಯ ತರ್ಕವಲ್ಲ. ಮಲೆನಾಡಿನಲ್ಲಿದ್ದ ನಮ್ಮ ತೊಟ್ಟಿಮನೆ ಪಾಲಿನ ಕಾಲದಲ್ಲಿ ಪರರ ಕೈಸೇರಿ, ಆಮೇಲೆ ನೆಲಸಮವಾಯಿತು. ಅದರ ಒಂದು ಚಿತ್ರವೂ ನಮ್ಮಲ್ಲಿಲ್ಲ. ಆಟದಲ್ಲಿ ಅದನ್ನು ಕಟ್ಟತೊಡಗಿದಾಗ ನೆನಪಿನ ಪರೀಕ್ಷೆಯೇ ಆಯಿತು. ಕಂಬ ಎಂಟೋ ಹತ್ತೋ? ನಡುಮನೆಯ ಬಾಗಿಲಿನಿಂದ ಬಾವಿ ಕಾಣುತ್ತಿತ್ತೆ? ತಮ್ಮನಿಗೆ ಫೋನು ಮಾಡಿ ಕೇಳುತ್ತಿದ್ದೆ. ವರ್ಷಕ್ಕೊಮ್ಮೆ ಮಾತನಾಡುತ್ತಿದ್ದ ನಾವು ಒಂದು ಕಂಬದ ವಿಷಯಕ್ಕೆ ವಾರವಿಡೀ ವಾದ ಮಾಡಿದೆವು. ಆಟದ ಅಂಗಡಿಯಲ್ಲಿ ಒರಳುಕಲ್ಲು ಸಿಕ್ಕಲಿಲ್ಲ, ತುಳಸಿಕಟ್ಟೆಯ ಜಾಗದಲ್ಲಿ ಒಂದು ಹೂಕುಂಡವನ್ನಿಟ್ಟೆ. ತೊಟ್ಟಿಯ ಮೇಲೆ ಸೂರು ಬಿಟ್ಟೆ. ಆಕಾಶ ಕಂಡಿತು, ಆದರೆ ಮಳೆ ಬರಲಿಲ್ಲ. ಮೂಲ ಆಟದಲ್ಲಿ ಮಳೆಯಿಲ್ಲ, ಅದಕ್ಕೆ ಬೇರೆ ದುಡ್ಡು ತೆರಬೇಕಂತೆ. ಮನೆ ಮಾರಿದಾಗ ತಮ್ಮನ ಮಗಳು ಹುಟ್ಟಿಯೇ ಇರಲಿಲ್ಲ. ಅವಳು ಪರದೆಯ ಮೇಲೆ ಕೋಣೆಯಿಂದ ಕೋಣೆಗೆ ಸುತ್ತಿ, ‘ದೊಡ್ಡಪ್ಪ, ಕಿಟಕಿಗಳೇ ಇಲ್ವಲ್ಲ, ಕತ್ತಲಲ್ಲಿ ಅಜ್ಜಿ ಹೇಗೆ ಅಡಿಗೆ ಮಾಡ್ತಿದ್ರು?’ ಎಂದಳು. ತೊಟ್ಟಿಯ ಬೆಳಕು ಅಡಿಗೆಮನೆಯ ಹೊಸಿಲ ತನಕ ಬರುತ್ತಿತ್ತು, ಅಜ್ಜಿ ತರಕಾರಿ ಹೆಚ್ಚುತ್ತಿದ್ದುದು ಆ ಹೊಸಿಲ ಬಳಿ ಎಂದು ತೋರಿಸಿದೆ. ಅವಳು ಒಂದು ಕುರ್ಚಿಯನ್ನು ತಂದು ಅಲ್ಲಿಟ್ಟಳು. ನಮ್ಮ ತಾಯಿ ಎಂದೂ ಕುರ್ಚಿಯ ಮೇಲೆ ಕೂತು ತರಕಾರಿ ಹೆಚ್ಚಿದವರಲ್ಲ. ಕುರ್ಚಿಯನ್ನು ನಾನು ತೆಗೆಯಲಿಲ್ಲ.

ಹೀಗೆಂದ ಮಾತ್ರಕ್ಕೆ ಈ ಆಟಗಳಲ್ಲಿ ದೋಷವಿಲ್ಲವೆಂದಲ್ಲ. ದೊಡ್ಡ ಟೆಲಿವಿಷನ್ ತಂದರೆ ಹೆಚ್ಚು ವಿನೋದ, ದುಬಾರಿ ಮಂಚ ತಂದರೆ ಹೆಚ್ಚು ಸುಖ ಎಂಬ ಲೆಕ್ಕ ‘ಸಿಮ್ಸ್’ನ ಬುಡದಲ್ಲಿಯೇ ಇದೆ. ಸಾಮಾನು ಹೆಚ್ಚಿದಷ್ಟೂ ಅದರ ರಿಪೇರಿಯಲ್ಲಿಯೇ ಬಾಳು ಸವೆಯುತ್ತದೆ, ಆಟದಲ್ಲಿರುವುದು ಕೊಳ್ಳುಬಾಕತನದ ಅಣಕ ಎಂದು ರೈಟ್ ಸಮಜಾಯಿಷಿ ಹೇಳಿದ್ದುಂಟು. ಆದರೆ ಅಣಕವನ್ನೇ ಕಂತುಕಂತಾಗಿ ಮಾರುವ ವ್ಯಾಪಾರ ಆಮೇಲೆ ಬೆಳೆದುಬಿಟ್ಟಿತು. ಮನೆಯೆಂದರೆ ಅಮೆರಿಕದ ಹೊರವಲಯದ ಮನೆ ಎಂಬ ಊಹೆಯೂ ಅದರಲ್ಲಿ ಉಂಟು. ಒರಳುಕಲ್ಲು ಇಲ್ಲದ್ದು ಆಕಸ್ಮಿಕವಲ್ಲ. ಹೊತ್ತು ತಿನ್ನುವುದರಲ್ಲಂತೂ ಇವು ಯಾವ ಇಸ್ಪೀಟಿಗೂ ಕಡಮೆಯಲ್ಲ. ಪರದೆಯ ಮೇಲಿನ ತಟ್ಟೆಯನ್ನು ತೊಳೆಯುತ್ತ ನಿಜವಾದ ತಟ್ಟೆಯನ್ನು ಬಚ್ಚಲಲ್ಲಿ ಒಣಗಲು ಬಿಟ್ಟವನಿಗೆ ಈ ಆಟ ಏನನ್ನೂ ಕಲಿಸಲಿಲ್ಲವೆಂದೇ ಹೇಳಬೇಕು.

ಪರಮಪದದ ಪಟವನ್ನು ಬರೆದವರಿಗೆ ಕೊನೆಯ ಮನೆ ಯಾವುದೆಂದು ಗೊತ್ತಿತ್ತು, ಬ್ರಾಡ್ಲಿಗೂ ಗೊತ್ತಿತ್ತು. ಆ ನಂಬಿಕೆ ಉಳ್ಳವರಿಗೆ ನಡುವಣ ಮನೆಗಳು ದಾಟಿದರೆ ಸಾಕು. ಈ ಕಾಲದವರಿಗೆ ಕೊನೆಯ ಮನೆಯ ವಿಷಯದಲ್ಲಿ ಅಷ್ಟು ಧೈರ್ಯವಿಲ್ಲ. ಆದ್ದರಿಂದಲೇ ಇರಬೇಕು, ಅವರು ಕಾಯಿಯನ್ನು ನಡುವಿನ ಒಂದು ಮನೆಯಲ್ಲಿ ನಿಲ್ಲಿಸಿ, ಅಲ್ಲಿಯೇ ಒಲೆ ಹೂಡಿ, ನೀರು ತುಂಬಿ, ದೀಪ ಹಚ್ಚಿದ್ದಾರೆ. ಆಟದ ಪಟಕ್ಕೆ ಇದು ಸಣ್ಣ ಬದಲಾವಣೆಯಲ್ಲ. ಮನೆ ಎಂಬ ಮಾತಿಗೆ ಅದರ ನಿಜವಾದ ಅರ್ಥವನ್ನು ಅದು ಮರಳಿ ಕೊಟ್ಟಿತು.